ಹಗೇವಿನಿಂದ ಸಂಪಿನವರೆಗೆ

ಸುವರ್ಣ ಮಹೋತ್ಸವ ಸಂಚಿಕೆಗೆ ಊರಿನ ಚರಿತ್ರೆಯ ಬಗ್ಗೆ ಒಂದು ಲೇಖನ ಬೇಕೆಂದು ಸಂಪಾದಕ ಮಂಡಳಿಯ ಗೆಳೆಯರು ಕೇಳಿದರು. ಜಿಗಣಿಯ ಕೆರೆ, ಗುಡಿಗಳು, ಕಾರ್ಖಾನೆಗಳು ಬಂದ ಕಥೆ ಇವನ್ನೆಲ್ಲ ನನಗಿಂತ ಚೆನ್ನಾಗಿ ಬಲ್ಲವರು ಬರೆಯುತ್ತಾರೆ. ನಾನು ಮನೆಯೊಳಗಿನ ಚರಿತ್ರೆ ಬರೆಯುತ್ತೇನೆ ಎಂದೆ. ಈ ಶಾಲೆಯ ಮೊದಲ ವರ್ಷಗಳ ವಿದ್ಯಾರ್ಥಿ ನಾನು. ಮುಂದೆ ಬೇರೆ ಬೇರೆ ಊರುಗಳಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರಾಗಿ ಕೆಲಸ ಮಾಡಿದೆ. ಅಷ್ಟೂ ವರ್ಷ ಮಕ್ಕಳಿಗೆ ಗಂಗರು, ಹೊಯ್ಸಳರು, ವಿಜಯನಗರದ ಅರಸರ ಇಸವಿಗಳನ್ನು ಬಾಯಿಪಾಠ ಮಾಡಿಸಿದೆನೇ ಹೊರತು, ಅವರವರ ಮನೆಯಲ್ಲಿ ರಾಗಿಯನ್ನು ಎಲ್ಲಿಡುತ್ತಿದ್ದರು ಎಂದು ಕೇಳಿರಲಿಲ್ಲ.

ನಿವೃತ್ತಿಗೆ ಎರಡು ವರ್ಷ ಇದ್ದಾಗ ಒಂಬತ್ತನೇ ತರಗತಿಯ ಮಕ್ಕಳಿಗೆ ಒಂದು ಸಣ್ಣ ಕೆಲಸ ಕೊಟ್ಟೆ. ನಿಮ್ಮ ಮನೆಯಲ್ಲಿ ಯಾವ ಸಾಮಾನು ಎಲ್ಲಿದೆ ಬರೆಯಿರಿ. ನಿಮ್ಮ ಅಜ್ಜಿ ಮದುವೆಯಾಗಿ ಬಂದಾಗ ಅದೇ ಸಾಮಾನು ಎಲ್ಲಿರುತ್ತಿತ್ತು ಎಂದು ಕೇಳಿ ಪಕ್ಕದಲ್ಲಿ ಬರೆಯಿರಿ ಎಂದಿದ್ದೆ. ಕೆಲವರು ನಾಲ್ಕು ಪುಟ ಬರೆದರು. ಒಬ್ಬ ಹುಡುಗಿ ಮಾತ್ರ ಎರಡೇ ಸಾಲು ಬರೆದಳು: "ನಮ್ಮದು ಒಂದೇ ರೂಮು ಸಾರ್. ಎಲ್ಲ ಮಂಚದ ಕೆಳಗೆ ಇದೆ." ಆ ಎರಡು ಸಾಲಿಗೆ ಕೊನೆಯಲ್ಲಿ ಬರುತ್ತೇನೆ.

ನಮ್ಮ ಹಳೆಯ ಮನೆಯಿಂದಲೇ ಆರಂಭಿಸುವೆ. ಕಲ್ಲು ಮಣ್ಣಿನ ಗೋಡೆ, ಮೇಲೆ ನಾಡ ಹೆಂಚು. ಮುಂದೆ ಜಗಲಿ, ಒಳಗೆ ನಡುಮನೆ, ಒಂದು ಪಕ್ಕಕ್ಕೆ ದನಗಳ ಕೊಟ್ಟಿಗೆ, ಹಿಂದೆ ಅಡುಗೆ ಮನೆ, ಹಿತ್ತಲು. ಹನ್ನೊಂದು ಜನ ಇದ್ದ ಆ ಮನೆಯಲ್ಲಿ ನಮಗೆಂದು ಮಲಗುವ ಕೋಣೆ ಇರಲಿಲ್ಲ. ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಚಾಪೆ. ಕಾಳಿಗೆ ಮಾತ್ರ ಕೋಣೆಯಿತ್ತು, ಅದಕ್ಕೆ ಬಾಗಿಲಿತ್ತು, ಬಾಗಿಲಿಗೆ ಚಿಲಕವಿತ್ತು. ಅದನ್ನು ಕತ್ತಲೆ ಕೋಣೆ ಎನ್ನುತ್ತಿದ್ದೆವು. ಕಿಟಕಿ ಇಲ್ಲ. ಬೆಳಕು ಬಿದ್ದರೆ ಹುಳ ಹಿಡಿಯುತ್ತದೆ ಎಂದು ಅಜ್ಜಿ ಹೇಳುತ್ತಿದ್ದಳು. ಮೇಷ್ಟ್ರಾದ ಮೇಲೆ ಯೋಚಿಸಿದಾಗ ಅನಿಸಿತು, ಅದು ಕಾಳಿನ ಮನೆ, ಅದರಲ್ಲಿ ನಾವು ಹೇಗೋ ಹೊಂದಿಕೊಂಡು ಮಲಗುತ್ತಿದ್ದೆವು.

ಕತ್ತಲೆ ಕೋಣೆಯಲ್ಲಿ ಮೂರು ವಾಡೆಗಳಿದ್ದವು. ಈಗಿನ ಮಕ್ಕಳಿಗೆ ವಾಡೆ ಎಂದರೆ ಗೊತ್ತಾಗುವುದಿಲ್ಲ. ಬಾವಿಗೆ ಇಳಿಸುವ ಸಿಮೆಂಟ್ ಬಳೆಗಳನ್ನು ನೋಡಿದ್ದೀರಲ್ಲ, ಅಂಥ ಬಳೆಗಳನ್ನು ಕುಂಬಾರರು ಮಣ್ಣಿನಲ್ಲಿ ಮಾಡಿ ಸುಟ್ಟು ಕೊಡುತ್ತಿದ್ದರು. ಒಂದರ ಮೇಲೊಂದು ಪೇರಿಸಿ, ಸಂದುಗಳಿಗೆ ಸಗಣಿ ಮಣ್ಣು ಮೆತ್ತಿದರೆ ಆಳೆತ್ತರದ ವಾಡೆ ಸಿದ್ಧ. ಕಾಳು ಸುರಿಯುವುದು ಮೇಲಿನಿಂದ, ತೆಗೆಯುವುದು ಕೆಳಗಿನ ತೂತಿನಿಂದ. ತೂತಿಗೆ ಬಟ್ಟೆ ಸುತ್ತಿದ ಬಿರಡೆ. ಹೀಗಾಗಿ ಮೊದಲು ಹೋದ ಹಳೆಯ ಕಾಳೇ ಮೊದಲು ಹೊರಗೆ ಬರುತ್ತಿತ್ತು. ಇವತ್ತು ದೊಡ್ಡ ಗೋದಾಮುಗಳಲ್ಲಿ ಇದನ್ನೇ ಕಂಪ್ಯೂಟರಿಟ್ಟುಕೊಂಡು ಮಾಡುತ್ತಾರೆ.

ವಾಡೆಯ ಪಕ್ಕ ಗುಡಾಣಗಳು, ಅವುಗಳ ಮೇಲೆ ದೊಡ್ಡದರಿಂದ ಚಿಕ್ಕದಕ್ಕೆ ಅಡಕಿಲು ಮಡಕೆಗಳು. ಕೆಳಗಿನದರಲ್ಲಿ ಅವರೆ, ಅದರ ಮೇಲೆ ಹುರುಳಿ, ಅದರ ಮೇಲೆ ಬೆಲ್ಲ, ತುದಿಯ ಕುಡಿಕೆಯಲ್ಲಿ ಸಾಸಿವೆ. ಕೆಳಗಿನ ಮಡಕೆ ಬೇಕೆಂದರೆ ಮೇಲಿನದೆಲ್ಲ ಇಳಿಸಬೇಕು. ಮಕ್ಕಳಿಗೆ ಬೆಲ್ಲ ಕದಿಯಲು ಅದೇ ದೊಡ್ಡ ತೊಡಕು. ತೊಗರಿಗೆ ಕೆಮ್ಮಣ್ಣು ಕಟ್ಟಿ ಒಣಗಿಸಿ ಇಡುತ್ತಿದ್ದರು, ಹೆಸರು ಕಾಳಿಗೆ ಬೂದಿ ಬೆರೆಸುತ್ತಿದ್ದರು. ಹುಣಸೆಹಣ್ಣಿಗೆ ಉಪ್ಪು. ರಾಗಿಗೆ ಹೊಂಗೆ ಸೊಪ್ಪು, ಬೇವಿನ ಸೊಪ್ಪು. ಬಿತ್ತನೆಯ ಬೀಜಕ್ಕೆ ಬೇರೆಯೇ ಮರ್ಯಾದೆ. ಸೋರೆ, ಹೀರೆಯ ಒಣಗಿದ ಬುರುಡೆಗಳು, ಮುಸುಕಿನ ಜೋಳದ ತೆನೆಗಳು ಅಡುಗೆ ಮನೆಯ ಜಂತೆಗೆ ನೇತಾಡುತ್ತಿದ್ದವು. ಒಲೆಯ ಹೊಗೆ ಅವನ್ನು ಕಾಯುತ್ತಿತ್ತು. ಕುಂಬಳದ ಬೀಜವನ್ನು ಸಗಣಿಯಲ್ಲಿ ಒತ್ತಿ ಗೋಡೆಗೆ ಬಡಿದುಬಿಡುತ್ತಿದ್ದರು. ಮಳೆ ಬಿದ್ದಾಗ ಆ ಬಿಲ್ಲೆಯನ್ನೇ ಕಿತ್ತು ಹಿತ್ತಲಲ್ಲಿ ಊರಿದರೆ ಬೀಜವೂ ಅದೇ, ಗೊಬ್ಬರವೂ ಅದೇ.

ಮಜ್ಜಿಗೆ, ಹಾಲು, ಬೆಣ್ಣೆ ನೆಲವಿನಲ್ಲಿ, ಅಂದರೆ ತೊಲೆಗೆ ತೂಗುಬಿಟ್ಟ ಹಗ್ಗದ ಬುಟ್ಟಿಯಲ್ಲಿ. ಬೆಕ್ಕಿಗೂ ಎಟುಕದು, ಇರುವೆಗೂ ಸುಲಭವಲ್ಲ. ಬಟ್ಟೆಗೆ ಗೋಡೆಯ ಗೂಟ ಮತ್ತು ಒಂದು ಉದ್ದ ಬಿದಿರಿನ ಗಳ. ಇಡೀ ಮನೆಯ ಬಟ್ಟೆ ಒಂದು ಗಳುವಿಗೆ ಸಾಕಾಗುತ್ತಿತ್ತು. ದೀಪಕ್ಕೆ, ಕುಂಕುಮದ ಭರಣಿಗೆ, ಅಜ್ಜನ ಎಲೆ ಅಡಿಕೆಗೆ ಗೋಡೆಯಲ್ಲೇ ಬಿಟ್ಟ ಗೂಡುಗಳು. ಅಟ್ಟದ ಮೇಲೆ ನೇಗಿಲು, ಕುಂಟೆ, ಹಳೆಯ ಹೆಂಚು, ಮತ್ತು ಯಾರೂ ನೋಡಿರದ ಒಂದಷ್ಟು ಕತ್ತಲೆ.

ಇವೆಲ್ಲಕ್ಕಿಂತ ದೊಡ್ಡದು ಮನೆಯ ಹೊರಗಿತ್ತು, ನೆಲದಡಿಯಲ್ಲಿತ್ತು. ಅದೇ ಹಗೇವು.

ನೀರು ನಿಲ್ಲದ ಎತ್ತರದ ಗಟ್ಟಿ ನೆಲ ಹುಡುಕಿ ಹಗೇವು ತೋಡುತ್ತಿದ್ದರು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದು, ಒಳಗೆ ಹೊಟ್ಟೆ ಅಗಲ. ತೋಡಿದ ಮೇಲೆ ಒಳಗೆ ಸೌದೆ ಉರಿಸಿ ಗೋಡೆಯನ್ನು ಸುಡುತ್ತಿದ್ದರು, ತೇವ ಹೋಗಬೇಕು, ಮಣ್ಣು ಗಟ್ಟಿಯಾಗಬೇಕು. ಆಮೇಲೆ ತಳಕ್ಕೂ ಸುತ್ತಲೂ ಒಣಹುಲ್ಲು, ನಡುವೆ ರಾಗಿ, ಮೇಲೆ ಮತ್ತೆ ಹುಲ್ಲು, ಅದರ ಮೇಲೆ ಕಲ್ಲು ಚಪ್ಪಡಿ, ಚಪ್ಪಡಿಯ ಸುತ್ತ ಕೆಸರು ಮೆತ್ತಿ ಮಣ್ಣು ಮುಚ್ಚಿದರೆ ಮುಗಿಯಿತು. ಅದರ ಮೇಲೆ ಗಾಡಿ ಹೋದರೂ ಗೊತ್ತಾಗದು. ಸೋಗೆಯ ಮನೆಗೆ ಬೆಂಕಿ ಬಿದ್ದರೆ ಹಗೇವಿನ ಕಾಳು ಉಳಿಯುತ್ತಿತ್ತು. ದಂಡು ದಾಳಿ ಬಂದಾಗ ಜನ ಕಾಡಿಗೆ ಓಡಿದರೂ ಉಳಿಯುತ್ತಿತ್ತು. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಬೆಂಗಳೂರು ಕೋಟೆಯನ್ನು ಹಿಡಿದ ಕಾಲದಲ್ಲಿ ಈ ಸೀಮೆಯ ರೈತನಿಗೆ ಕಣ್ಣಿಗೆ ಕಾಣದ ಉಗ್ರಾಣದ ಬೆಲೆ ಏನಿದ್ದಿರಬೇಕು ಎಂದು ಊಹಿಸಬಹುದು.

ನಮ್ಮ ಹಗೇವು ಅಜ್ಜನ ಅಂದಾಜಿನಲ್ಲಿ ಐದಡಿ ಅಗಲ, ಐದಡಿ ಆಳ. ಹೈಸ್ಕೂಲಿನ ಗಣಿತ ಹಾಕಿ ನೋಡಿ: 3.14ನ್ನು ಎರಡೂವರೆಯ ವರ್ಗದಿಂದ ಗುಣಿಸಿ, ಮತ್ತೆ ಐದರಿಂದ ಗುಣಿಸಿದರೆ ಸುಮಾರು 98 ಘನ ಅಡಿ. ಹುಲ್ಲಿನ ಜಾಗ ಕಳೆದರೂ 18ರಿಂದ 20 ಕ್ವಿಂಟಾಲ್ ರಾಗಿ ಹಿಡಿಯುತ್ತದೆ. ದಿನಕ್ಕೆ ಐದು ಕಿಲೋ ಹಿಟ್ಟು ಬೇಕಾಗುತ್ತಿದ್ದ ಹನ್ನೊಂದು ಜನರ ಮನೆಗೆ ಒಂದು ವರ್ಷದ ಊಟ. ವಾಡೆಯದು ಈ ವರ್ಷಕ್ಕೆ, ಹಗೇವಿನದು ಮಳೆ ಕೈಕೊಟ್ಟ ವರ್ಷಕ್ಕೆ ಎಂಬುದು ಮನೆಯ ಲೆಕ್ಕ.

ಇದು ಸಾಧ್ಯವಾದದ್ದು ರಾಗಿಯ ಗುಣದಿಂದ. ಕಾಳು ಸಣ್ಣದು, ಹೊರಪದರ ಗಟ್ಟಿ, ಅಕ್ಕಿ ಗೋಧಿಯನ್ನು ಕೊರೆಯುವ ಹುಳಕ್ಕೆ ಇದರಲ್ಲಿ ಮನೆ ಮಾಡಲು ಜಾಗವಿಲ್ಲ. ಮುಚ್ಚಿದ ಹಗೇವಿನಲ್ಲಿ ಕಾಳೂ ಉಸಿರಾಡಿ ಆಮ್ಲಜನಕ ಮುಗಿಯುತ್ತದೆ, ಇದ್ದಬದ್ದ ಹುಳವೂ ಸಾಯುತ್ತದೆ. ಕನಕದಾಸರ 'ರಾಮಧಾನ್ಯ ಚರಿತೆ'ಯನ್ನು ನಾವು ಭತ್ತ ರಾಗಿಯ ಜಗಳವೆಂದು, ಬಡವರ ಧಾನ್ಯಕ್ಕೆ ಸಿಕ್ಕ ಗೌರವವೆಂದು ಪಾಠ ಮಾಡುತ್ತೇವೆ. ಸರಿಯೇ. ಆದರೆ ಜಗಳ ತೀರಿದ್ದು ಹೇಗೆ? ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟು ನೋಡಿದರು. ಭತ್ತ ಕಳೆಗುಂದಿತು, ರಾಗಿ ಹಾಗೆಯೇ ಉಳಿಯಿತು. ಅದು ದಾಸ್ತಾನಿನ ಪರೀಕ್ಷೆ. ಆ ಕಥೆ ಕೇಳಿದ ರೈತನಿಗೆ ತನ್ನ ಹಗೇವು ನೆನಪಾಗದೆ ಇರಲು ಸಾಧ್ಯವಿಲ್ಲ.

ಹಗೇವು ತೆಗೆಯುವ ದಿನ ಮಕ್ಕಳಿಗೆ ಹಬ್ಬ, ದೊಡ್ಡವರಿಗೆ ಭಯ. ಚಪ್ಪಡಿ ಸರಿಸಿದ ಕೂಡಲೇ ಯಾರೂ ಇಳಿಯುವಂತಿಲ್ಲ. ಅರ್ಧ ದಿನ ಬಾಯಿ ತೆರೆದು ಬಿಡಬೇಕು. ಆಮೇಲೆ ಹಗ್ಗಕ್ಕೆ ಕಟ್ಟಿ ದೀಪ ಇಳಿಬಿಡಬೇಕು. ದೀಪ ಆರಿದರೆ ಒಳಗೆ ಕೆಟ್ಟ ಗಾಳಿ ಇದೆ, ಇನ್ನೂ ಕಾಯಬೇಕು. ಅವಸರ ಮಾಡಿ ಇಳಿದವರು ಮೇಲೆ ಬಾರದ ಸಂಗತಿಗಳನ್ನು ರಾಗಿ ಸೀಮೆಯ ಹಳ್ಳಿಗಳಲ್ಲಿ ಹಿರಿಯರು ಈಗಲೂ ಹೇಳುತ್ತಾರೆ. ಅದು ಇಂಗಾಲದ ಡೈಆಕ್ಸೈಡ್ ಎಂದು ಎಂಟನೇ ತರಗತಿಯಲ್ಲಿ ನಮ್ಮ ವಿಜ್ಞಾನದ ಮೇಷ್ಟ್ರು ಹೇಳಿದಾಗ, ಹಿಂದಿನ ಬೆಂಚಿನಿಂದ ನಾನು "ನಮ್ಮಜ್ಜಿಗೆ ಗೊತ್ತು ಸಾರ್" ಎಂದು ಕೂಗಿ ಬೆಂಚಿನ ಮೇಲೆ ನಿಂತದ್ದು ನೆನಪಿದೆ.

ರಾಗಿ ಹಗೇವಿಗೆ ಬರುವ ಮೊದಲು ಕಣದಲ್ಲಿ ಬಹಳ ಕೈಗಳನ್ನು ದಾಟುತ್ತಿತ್ತು. ಕಾರ್ತಿಕ ಮಾರ್ಗಶಿರದಲ್ಲಿ ಕೊಯ್ದ ತೆನೆ ಮೆದೆಯಾಗಿ ನಿಲ್ಲುತ್ತಿತ್ತು. ಬನ್ನೇರುಘಟ್ಟದ ಕಾಡು ಹತ್ತಿರ. ಆ ತಿಂಗಳುಗಳಲ್ಲಿ ಆನೆಗಳು ರಾಗಿಯ ವಾಸನೆ ಹಿಡಿದು ಬರುತ್ತವೆ, ಕಾಡಂಚಿನ ಹಳ್ಳಿಗಳಿಗೆ ಈಗಲೂ ಬರುತ್ತವೆ. ಸಂಕ್ರಾಂತಿ ಕಳೆದ ಮೇಲೆ ರೋಣಗಲ್ಲು ಹೊಡೆದು, ತೂರಿ, ರಾಶಿ ಪೂಜೆ ಮಾಡಿ, ಕೊಳಗದಲ್ಲಿ ಅಳೆಯುವಾಗ ಮೊದಲನೆಯದನ್ನು ಒಂದು ಎನ್ನದೆ 'ಲಾಭ' ಎಂದು ಎಣಿಸುತ್ತಿದ್ದರು. ಮೆಟ್ರಿಕ್ ಅಳತೆಯ ಕಾಯಿದೆ 1956ರಲ್ಲಿ ಬಂದು ಅಂಗಡಿಗಳಲ್ಲಿ ಕಿಲೋ ನಡೆಯುತ್ತಿದ್ದರೂ ಕಣದಲ್ಲಿ ಕೊಳಗ, ಖಂಡುಗ, ಪಲ್ಲ ಬಿಟ್ಟು ಬೇರೆ ಮಾತಿರಲಿಲ್ಲ. ಕಮ್ಮಾರ, ಬಡಗಿ, ಕುಂಬಾರ, ಮಡಿವಾಳ, ತೋಟಿ, ತಳವಾರ ಎಲ್ಲರಿಗೂ ಅಲ್ಲೇ ಆಯ ಅಳೆದು, ಉಳಿದದ್ದು ಮನೆಗೆ.

ಇಲ್ಲಿಯವರೆಗೆ ಓದಿದವರಿಗೆ ಹಳೆಯ ಕಾಲ ಎಷ್ಟು ಚೆನ್ನಾಗಿತ್ತು ಎನಿಸಬಹುದು. ಹಿರಿಯ ವಿದ್ಯಾರ್ಥಿಗಳ ಸಭೆಗಳಲ್ಲಿ ನಾವೆಲ್ಲ ಹಾಗೆಯೇ ಮಾತಾಡುತ್ತೇವೆ. ನಾನು ಇತಿಹಾಸದ ಮೇಷ್ಟ್ರು, ಹಗೇವು ಯಾರ ಮನೆಯ ಮುಂದಿತ್ತು ಎಂದೂ ಕೇಳಬೇಕಾಗುತ್ತದೆ. ಹೊಲವಿದ್ದವರ ಮನೆಯ ಮುಂದಿತ್ತು. ಕೂಲಿಯವರ ಮನೆಯಲ್ಲಿ, ಜೀತಕ್ಕಿದ್ದವರ ಮನೆಯಲ್ಲಿ ಎರಡು ಮಡಕೆ, ಒಂದು ಮೊರ, ಗೋಡೆಗೆ ಒಂದು ಗೂಟ. ಆಷಾಢ ಶ್ರಾವಣದಲ್ಲಿ ಮಡಕೆ ಬರಿದಾದರೆ ಅವರು ಹಗೇವಿನವರ ಜಗಲಿಯ ಕೆಳಗೆ ನಿಂತು ರಾಗಿ ಸಾಲ ಕೇಳಬೇಕು. ಸುಗ್ಗಿಯಲ್ಲಿ ಒಂದಕ್ಕೆ ಒಂದೂವರೆ ಅಳೆದುಕೊಡಬೇಕು. ಅಳೆಯಲಾಗದಿದ್ದರೆ ಮಗ ದನ ಕಾಯಲು ಬರಬೇಕು. ನಮ್ಮ ಮನೆಯಲ್ಲೂ ಹಾಗೆ ಬಂದಿದ್ದ ಒಬ್ಬ ಹುಡುಗನಿದ್ದ. ನನ್ನ ವಯಸ್ಸಿನವನು. ನಾನು ಶಾಲೆಗೆ ಹೊರಟಾಗ ಅವನು ದನ ಹೊಡೆದುಕೊಂಡು ಹೊರಡುತ್ತಿದ್ದ. 1976ರಲ್ಲಿ ಜೀತ ಪದ್ಧತಿ ರದ್ದತಿ ಕಾಯಿದೆ ಬಂದಾಗ ನಾವು ಅದನ್ನು ಪೌರನೀತಿಯ ಪುಸ್ತಕದಲ್ಲಿ ಓದಿ ಅಂಕ ತೆಗೆದುಕೊಂಡೆವು. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳ ಪಟ್ಟಿಯಲ್ಲಿ ಅವನ ಹೆಸರಿಲ್ಲ, ಇರಬೇಕಾಗಿತ್ತು.

ಇನ್ನೊಂದು ಮಾತು. ಒಂದು ವರ್ಷದ ಬರವನ್ನು ಹಗೇವು ತಡೆಯುತ್ತಿತ್ತು. ಮೇಲಿಂದ ಮೇಲೆ ಬಂದ ಬರವನ್ನು ತಡೆಯಲಿಲ್ಲ. 1876ರಿಂದ 78ರವರೆಗಿನ ಧಾತು ಈಶ್ವರ ಸಂವತ್ಸರಗಳ ಬರದಲ್ಲಿ ಮೈಸೂರು ಸಂಸ್ಥಾನ ಏನಾಯಿತೆಂದು ಜನಗಣತಿ ಹೇಳುತ್ತದೆ: 1871ರಲ್ಲಿ 50 ಲಕ್ಷಕ್ಕೂ ಹೆಚ್ಚಿದ್ದ ಜನ 1881ರಲ್ಲಿ ಸುಮಾರು 42 ಲಕ್ಷ. ಆ ಹೊತ್ತಿಗಾಗಲೇ, 1864ರಿಂದಲೇ, ಮದ್ರಾಸಿನ ಕಡೆಯಿಂದ ಬೆಂಗಳೂರು ದಂಡಿಗೆ ರೈಲಿತ್ತು. ರೈಲಿನಲ್ಲಿ ಧಾನ್ಯವೂ ಬಂತು. ಬೆಲೆ ಮಾತ್ರ ಬಡವರ ಕೈಗೆಟುಕಲಿಲ್ಲ. ಹಗೇವು ಬರಿದಾದವರೂ ಹಗೇವೇ ಇಲ್ಲದವರೂ ಒಂದೇ ದಾರಿಯಲ್ಲಿ ಗಂಜಿ ಕೇಂದ್ರಕ್ಕೆ ನಡೆದರು.

ಹಾಗಾದರೆ ಈ ವ್ಯವಸ್ಥೆ ಯಾವಾಗ ಹೋಯಿತು? ಒಂದೇ ದಿನ ಹೋಗಲಿಲ್ಲ. ನನ್ನ ಕಣ್ಣೆದುರಿಗೆ ಮೊದಲು ಬಂದದ್ದು ಡಬ್ಬ. ಪ್ರಾಥಮಿಕ ಶಾಲೆಯಲ್ಲಿ ನಮಗೆ ಕೇರ್ ಸಂಸ್ಥೆಯ ಉಪ್ಪಿಟ್ಟು, ಹಾಲಿನ ಪುಡಿ ಕೊಡುತ್ತಿದ್ದರು. ನನ್ನ ವಾರಗೆಯವರು ಆ ಹಳದಿ ಉಪ್ಪಿಟ್ಟಿನ ರುಚಿಯನ್ನು ಮರೆತಿರಲಾರರು. ಅದರ ಚೀಲ, ಎಣ್ಣೆಯ ಟಿನ್ನುಗಳ ಮೇಲೆ ಎರಡು ಕೈ ಕುಲುಕುವ ಚಿತ್ರ. ಬೇರೆ ದೇಶದ ಗೋದಾಮಿನ ಕಾಳು ನಮ್ಮ ಹೊಟ್ಟೆಗೆ ಬಂದದ್ದು ಅದೇ ಮೊದಲು. ಖಾಲಿ ಟಿನ್ನಿಗೆ ಊರಲ್ಲಿ ಭಾರಿ ಬೇಡಿಕೆ. ಮುಚ್ಚಳ ಹಚ್ಚಿಸಿದರೆ ಇಲಿ ಕಡಿಯದ ಉಗ್ರಾಣ. ಆಮೇಲೆ ಡಾಲ್ಡಾ ಡಬ್ಬ, ಹಾರ್ಲಿಕ್ಸ್ ಬಾಟಲಿ, ಬಿಸ್ಕತ್ತಿನ ಟಿನ್ನು. ಅಮ್ಮನ ಅಡುಗೆ ಮನೆಯಲ್ಲಿ ಡಾಲ್ಡಾ ಡಬ್ಬದಲ್ಲಿ ಡಾಲ್ಡಾ ಬಿಟ್ಟು ಉಳಿದೆಲ್ಲ ಇರುತ್ತಿತ್ತು. ಸಾಸಿವೆ ಕುಡಿಕೆ ಹೋಗಿ ಸಾಸಿವೆ ಡಬ್ಬ ಬಂತು, ಅದರ ತಳದಲ್ಲಿ ಅಮ್ಮ ಬಚ್ಚಿಡುತ್ತಿದ್ದ ಚಿಲ್ಲರೆ ಮಾತ್ರ ಹಾಗೆಯೇ ಉಳಿಯಿತು. ನನ್ನ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಶುಲ್ಕ ಬಂದದ್ದು ಆ ತಳದಿಂದ. 2000ನೇ ಇಸವಿಯ ನಂತರ ಸ್ತ್ರೀಶಕ್ತಿ ಸಂಘಗಳು ಬಂದು ಆ ದುಡ್ಡು ಪಾಸ್‌ಬುಕ್ಕಿಗೆ ಹೋಯಿತು.

ಡಬ್ಬದ ಹಿಂದೆ ಬೀರು ಬಂತು. ಅಲಮಾರು ಎಂಬ ಮಾತು ಪೋರ್ಚುಗೀಸರದು. ಕಬ್ಬಿಣದ ಬೀರುವನ್ನು ಗೋದ್ರೇಜ್‌ನವರು 1923ರಿಂದಲೇ ಮಾಡುತ್ತಿದ್ದರೂ ನಮ್ಮ ಮನೆಗೆ ಬಂದದ್ದು ಅಕ್ಕನ ಮದುವೆಯ ಕಾಲಕ್ಕೆ, ಅದೂ ಅವಳ ಜೊತೆ ಹೋಗಲು. ನಮಗೆಂದು ಒಂದು ಬೀರು ಬಂದದ್ದು ಹೊಲದ ಪರಿಹಾರ ಬಂದ ಮೇಲೆ.

ಹೊಲದ ಮಾತು ಬಂತು. ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯಿದೆ ಬಂದದ್ದು 1966ರಲ್ಲಿ. ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ ನೆಲದಲ್ಲಿ ಎಲೆಕ್ಟ್ರಾನಿಕ್ ಸಿಟಿ ಶುರುವಾದದ್ದು 1978ರಲ್ಲಿ. ಅಲ್ಲಿಂದ ಬೊಮ್ಮಸಂದ್ರ, ಜಿಗಣಿಗೆ ದಾರಿ ಎಷ್ಟು ದೂರ? ಕಾರ್ಖಾನೆಗಳು ಬಂದವು, ಗ್ರಾನೈಟ್ ಕೊಯ್ಯುವ ಘಟಕಗಳು ಬಂದವು. ಜಿಗಣಿಯ ಹೆಸರು ಬೆಂಗಳೂರಿನವರಿಗೆ ಗೊತ್ತಾದದ್ದೇ ಅಡುಗೆ ಮನೆಯ ಕಲ್ಲು ಆರಿಸಲು ಬಂದಾಗ. ವಿಚಿತ್ರವೆಂದರೆ, ರಾಗಿ ಲಕ್ಷ್ಮಣಯ್ಯ ಎಂದೇ ಹೆಸರಾದ ವಿಜ್ಞಾನಿ ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟು, ಒಂದು ಎಕರೆಗೆ ಹಿಂದೆಂದೂ ಕಾಣದ ಬೆಳೆ ಬರುತ್ತಿದ್ದ ಕಾಲವೂ ಅದೇ. ಬೆಳೆ ಹೆಚ್ಚಿದಾಗ ಹೊಲ ಕಡಿಮೆಯಾಯಿತು. ಉಳಿದ ಹೊಲಕ್ಕೆ ಆಳು ಸಿಗದೆ ಕೆಲವರು ನೀಲಗಿರಿ ನೆಟ್ಟರು. ಹುಡುಗರಿಗೆ ಫ್ಯಾಕ್ಟರಿಯಲ್ಲಿ ತಿಂಗಳ ಸಂಬಳ. ವರ್ಷಕ್ಕೊಮ್ಮೆ ಬರುವ ರಾಶಿಗೆ ವಾಡೆ ಬೇಕು; ತಿಂಗಳಿಗೊಮ್ಮೆ ಬರುವ ಸಂಬಳಕ್ಕೆ ಮೂವತ್ತು ದಿನದ ಡಬ್ಬ ಸಾಕು. ಮನೆಯ ಉಗ್ರಾಣ ಕುಗ್ಗಿದ್ದಕ್ಕೆ ಬೇರೆ ಕಾರಣಗಳನ್ನು ಎಷ್ಟು ಹೇಳಿದರೂ ನನಗೆ ಇದೇ ಮುಖ್ಯ ಎನಿಸುತ್ತದೆ.

ಮನೆಯೂ ಬದಲಾಯಿತು. ಹೆಂಚು ಹೋಗಿ ಆರ್‌ಸಿಸಿ ಬಂದಾಗ ಅಟ್ಟ ಹೋಯಿತು. ಗ್ಯಾಸ್ ಬಂದಾಗ ಹೊಗೆ ಹೋಯಿತು, ಹೊಗೆಯ ಜೊತೆ ಜಂತೆಯ ಬೀಜದ ಬುರುಡೆಗಳು ಹೋದವು. ಈಗ ಸೋರೆ ಬೀಜ ಬೇಕಾದರೆ ಆನೇಕಲ್‌ನ ಅಂಗಡಿಯಲ್ಲಿ ಬಣ್ಣದ ಪೊಟ್ಟಣ. ಗೋಡೆ ದಪ್ಪ ಕಡಿಮೆಯಾದಾಗ ಗೂಡುಗಳು ಹೋದವು. ಅವುಗಳ ಜಾಗಕ್ಕೆ ಕಡಪ ಕಲ್ಲಿನ ಶೆಲ್ಫು, ಬಾಗಿಲ ಮೇಲೆ ಸಜ್ಜೆ, ಆಮೇಲೆ ಪ್ಲೈವುಡ್ಡಿನ ವಾರ್ಡ್‌ರೋಬು.

ಕಳೆದ ವರ್ಷ ಮಗಳ ಫ್ಲ್ಯಾಟಿಗೆ ಹೋದಾಗ ಮೇಷ್ಟ್ರ ಚಪಲ ತಡೆಯಲಾಗದೆ ಎಣಿಸಿ ನೋಡಿದೆ. ಅಡುಗೆ ಮನೆಯಲ್ಲಿ ಹನ್ನೊಂದು ಡ್ರಾಯರು, ಒಂಬತ್ತು ಮೇಲಿನ ಕಪಾಟು. ಮೂರು ಬೀರು ಗೋಡೆಯೊಳಗೇ ಇವೆ. ಸಜ್ಜೆಯ ಮೇಲೆ ಟಿವಿ ಬಂದಿದ್ದ ರಟ್ಟಿನ ಪೆಟ್ಟಿಗೆ, ವಾರಂಟಿ ಮುಗಿದರೂ ಎಸೆದಿಲ್ಲ. ಮೊಮ್ಮಗನ ತೊಟ್ಟಿಲು, ಎರಡು ಸೂಟ್‌ಕೇಸಿನೊಳಗೆ ಮತ್ತೆರಡು ಸೂಟ್‌ಕೇಸು. ಇಷ್ಟು ಜಾಗದಲ್ಲಿ ಅಕ್ಕಿ, ರಾಗಿ ಹಿಟ್ಟು, ಗೋಧಿ ಹಿಟ್ಟು, ಬೇಳೆ ಎಲ್ಲ ಸೇರಿ ಹದಿನಾಲ್ಕು ಕಿಲೋ. ನಾಲ್ಕು ಜನರ ಮನೆಗೆ ಹೆಚ್ಚೆಂದರೆ ಎರಡು ವಾರ. "ಇನ್ನೇನು ಬೇಕಪ್ಪಾ, ಫೋನ್ ಮಾಡಿದರೆ ಹತ್ತು ನಿಮಿಷಕ್ಕೆ ತಂದುಕೊಡ್ತಾರೆ" ಎಂದಳು. ಅವಳು ಹೇಳಿದ್ದು ನಿಜ. ಅವಳ ಹಗೇವು ಆನೇಕಲ್ ರಸ್ತೆಯ ಯಾವುದೋ ಗೋದಾಮಿನಲ್ಲಿದೆ. ಚಪ್ಪಡಿ ಸರಿಸುವವನು ಬೈಕಿನಲ್ಲಿ ಬರುತ್ತಾನೆ.

2020ರ ಮಾರ್ಚ್ 25ರಂದು ದೇಶವೆಲ್ಲ ಬಾಗಿಲು ಹಾಕಿದಾಗ ಈ ಲೆಕ್ಕ ಪರೀಕ್ಷೆಗೆ ಬಂತು. ನಮ್ಮ ಬೀದಿಯ ಹಳೆಯ ಮನೆಗಳಲ್ಲಿ ಎರಡು ಮೂಟೆ ರಾಗಿ ಇದ್ದೇ ಇತ್ತು, ಅಭ್ಯಾಸಬಲ. ಹಿಂದಿನ ಬೀದಿಯ ಶೀಟಿನ ರೂಮುಗಳಲ್ಲಿ ಒಡಿಶಾ, ಬಿಹಾರದ ಹುಡುಗರು, ರಾಯಚೂರು ಯಾದಗಿರಿ ಕಡೆಯ ಸಂಸಾರಗಳು ಇದ್ದರು. ಹತ್ತಡಿಗೆ ಹತ್ತಡಿ ರೂಮು. ಮಂಚದ ಕೆಳಗೆ ಒಂದು ಟ್ರಂಕು, ಐದು ಕಿಲೋ ಅಕ್ಕಿಯ ಚೀಲ, ಗೋಡೆಗೆ ಮೊಳೆ, ಮೊಳೆಗೆ ಬ್ಯಾಗು. ಎರಡು ಮಡಕೆ, ಒಂದು ಗೂಟದ ಮನೆ ಮತ್ತೆ ಕಂಡಂತಾಯಿತು. ನಾಲ್ಕನೇ ದಿನಕ್ಕೆ ಅಕ್ಕಿ ಮುಗಿಯಿತು. ನಮ್ಮಲ್ಲಿದ್ದ ರಾಗಿಯನ್ನು ಹಂಚಲು ಹೋದರೆ ಉತ್ತರದ ಹುಡುಗರಿಗೆ ಅದನ್ನು ಏನು ಮಾಡುವುದೆಂದು ತಿಳಿಯದು. ನನ್ನ ಹೆಂಡತಿ ಅವರ ರೂಮಿನ ಹೊರಗೆ ನಿಂತು ಮುದ್ದೆ ತೊಳೆಸುವುದು ತೋರಿಸಿದಳು. ಯಾದಗಿರಿ ಕಡೆಯ ಒಬ್ಬಾಕೆ, "ನಮ್ಮೂರಾಗ ಜ್ವಾಳದ ಹಗೇವು ಇತ್ರಿ, ನಮ್ಮ ಅಜ್ಜ ಇಳೀತಿದ್ದ" ಎಂದು ಅಲ್ಲೇ ಕಲ್ಲಿನ ಮೇಲೆ ಕೂತು ಮಾತಿಗಿಳಿದಳು. ಅಷ್ಟು ದೂರದ ಊರಿನಲ್ಲೂ ಅದೇ ಮಾತು ಇದೆ ಎಂದು ನನಗೆ ಆ ದಿನ ತಿಳಿಯಿತು.

ಆದರೆ ನ್ಯಾಯವಾಗಿ ಇನ್ನೊಂದು ಸಂಗತಿಯನ್ನೂ ಹೇಳಬೇಕು. ಆ ಏಪ್ರಿಲ್‌ನಿಂದ ಪಡಿತರ ಚೀಟಿ ಇದ್ದವರಿಗೆ ತಲೆಗೆ ಐದು ಕಿಲೋದಂತೆ ಹೆಚ್ಚುವರಿ ಧಾನ್ಯ ಉಚಿತವಾಗಿ ಬಂತು. ಅದು ಬಂದದ್ದು 1965ರಲ್ಲಿ ಸ್ಥಾಪನೆಯಾದ ಭಾರತ ಆಹಾರ ನಿಗಮದ ಗೋದಾಮುಗಳಿಂದ. 2013ರ ಅನ್ನಭಾಗ್ಯದಿಂದ ನಮ್ಮ ಊರಿನ ಎಷ್ಟೋ ಮನೆಗಳಲ್ಲಿ ಶ್ರಾವಣದಲ್ಲಿ ಮಡಕೆ ಬರಿದಾಗುವುದು ನಿಂತಿದೆ. 1877ರಲ್ಲಿ ಇಲ್ಲದ ಹಗೇವು ಇದು. ಯಾರ ಜಗಲಿಯ ಕೆಳಗೂ ನಿಲ್ಲಬೇಕಾಗಿಲ್ಲ, ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ನಿಂತರೆ ಸಾಕು. ಚೀಟಿ ಇಲ್ಲದ ಆ ಶೀಟಿನ ರೂಮಿನವರು ಮಾತ್ರ ಆ ಸಾಲಿನ ಹೊರಗೆ ನಿಂತಿದ್ದರು. ನನ್ನ ವಿದ್ಯಾರ್ಥಿನಿ ಬರೆದ ಎರಡು ಸಾಲು ನನಗೆ ಪೂರ್ತಿ ಅರ್ಥವಾದದ್ದು ಆ ತಿಂಗಳಲ್ಲಿ. ಅವಳ ಉತ್ತರಕ್ಕೆ ನಾನು ಹತ್ತಕ್ಕೆ ಮೂರು ಅಂಕ ಕೊಟ್ಟಿದ್ದೆ, ಚಿಕ್ಕದಾಯಿತು ಎಂದು.

ಶಾಲೆಗೆ ಒಂದು ಕೋರಿಕೆ. ರಾಮನಗರದ ಜಾನಪದ ಲೋಕದಲ್ಲಿ ಎಚ್.ಎಲ್. ನಾಗೇಗೌಡರು ನಾಡಿನ ಹಳೆಯ ಸಾಮಾನುಗಳನ್ನು ಕೂಡಿಸಿಟ್ಟರು. ಮಕ್ಕಳನ್ನು ಅಲ್ಲಿಗೆ ಪ್ರವಾಸ ಕರೆದೊಯ್ಯುತ್ತೇವೆ. ಚಿತ್ರದುರ್ಗದ ಕೋಟೆಯಲ್ಲಿ ಎಣ್ಣೆ ಕೊಳ ತೋರಿಸುತ್ತೇವೆ. ನಮ್ಮ ಊರಿನ ಹಿತ್ತಲುಗಳಲ್ಲೇ ಇನ್ನೂ ಒಂದೆರಡು ವಾಡೆ, ಕೊಳಗ, ಬಳ್ಳ ಇವೆ. ರೆಸಾರ್ಟಿನವರು ಅಲಂಕಾರಕ್ಕೆ ಕೊಳ್ಳಲು ಬರುತ್ತಿದ್ದಾರೆ. ಯಾವ ಮನೆಯಲ್ಲಿ ಏನಿದೆ, ಎಷ್ಟು ಹಿಡಿಯುತ್ತದೆ ಎಂದು ಒಂಬತ್ತನೇ ತರಗತಿಯ ಮಕ್ಕಳು ಅಳೆದು ಬರೆದಿಟ್ಟರೆ ಮುಂದಿನ ಐವತ್ತು ವರ್ಷಕ್ಕೆ ಆಗುತ್ತದೆ. ಬರೆಯುವಾಗ ಶೀಟಿನ ರೂಮುಗಳನ್ನು ಬಿಡಬೇಡಿ. ಅಂಕವನ್ನು ಪುಟ ನೋಡಿ ಕೊಡಬೇಡಿ.

ನಮ್ಮ ಹಳೆಯ ಮನೆ ಈಗಿಲ್ಲ. 2016ರಲ್ಲಿ ತಮ್ಮಂದಿರು ಸೇರಿ ಕೆಡವಿ ಬಾಡಿಗೆಗೆ ಎಂಟು ಮನೆ ಕಟ್ಟಿಸಿದರು. ಪಾಯ ತೋಡುವಾಗ ಜೆಸಿಬಿಯ ಚಕ್ರ ಒಂದು ಕಡೆ ಕುಸಿಯಿತು. ಕೆಳಗೆ ಟೊಳ್ಳು. ಚಪ್ಪಡಿ ಎತ್ತಿದರೆ ನಮ್ಮ ಹಗೇವು. ಎಷ್ಟೋ ವರ್ಷದಿಂದ ಯಾರೂ ತೆರೆದಿರಲಿಲ್ಲ, ಎಲ್ಲಿದೆ ಎಂದೇ ಮರೆತಿದ್ದೆವು. ತಳದಲ್ಲಿ ಕಪ್ಪಾದ ಹುಲ್ಲು, ಅದರ ಜೊತೆ ಒಂದು ಬೊಗಸೆಯಷ್ಟು ರಾಗಿ. ಮೇಸ್ತ್ರಿ ಒಳಗೆ ನೋಡಿ, ಅರ್ಧ ಕೆಲಸ ಆಗೇ ಇದೆ, ಇದನ್ನೇ ಅಗಲ ಮಾಡಿ ಸಂಪು ಕಟ್ಟೋಣ ಎಂದ. ಹಾಗೆಯೇ ಆಯಿತು. ಈಗ ಅಲ್ಲಿ ಹನ್ನೆರಡು ಸಾವಿರ ಲೀಟರಿನ ಸಂಪು.

ಅಜ್ಜಿಯ ಮನೆಯಲ್ಲಿ ನೀರಿಗೆ ಉಗ್ರಾಣ ಇರಲಿಲ್ಲ. ಹಿತ್ತಲಲ್ಲಿ ಬಾವಿ, ಊರ ಮುಂದೆ ಕೆರೆ; ಮನೆಯೊಳಗೆ ಒಂದು ಹಂಡೆ, ಎರಡು ಬಿಂದಿಗೆ, ಕುಡಿಯಲು ಒಂದು ಮಡಕೆ. ಈಗ ರಾಗಿಗೆ ಒಂದು ಡಬ್ಬ, ನೀರಿಗೆ ನೆಲದಡಿ ಒಂದು ಸಂಪು, ಮಾಳಿಗೆಯ ಮೇಲೆ ನಾಲ್ಕು ಟ್ಯಾಂಕು. ಬೋರ್‌ವೆಲ್ ಬತ್ತಿದೆ, ಟ್ಯಾಂಕರಿನ ನೀರೇ ಗತಿ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಟ್ಯಾಂಕರುಗಳಿಗೆ ಜಿಲ್ಲಾಡಳಿತ ದರ ನಿಗದಿ ಮಾಡಬೇಕಾಯಿತು. ಆ ತಿಂಗಳು ಎಂಟು ಮನೆಯವರೂ ನಮ್ಮ ತಮ್ಮನ ಬಾಗಿಲಿಗೆ ಬಂದು, ಸಂಪಿನಲ್ಲಿ ಎಷ್ಟಿದೆ, ಎಷ್ಟು ದಿನಕ್ಕೆ ಬರುತ್ತದೆ ಎಂದು ಕೇಳುತ್ತಿದ್ದರು. ಅವನು ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ಲೆಕ್ಕ ಹೇಳುತ್ತಿದ್ದ. ಅವರು ಕೆಳಗೆ ನಿಂತಿದ್ದರು.

ಆ ಬೇಸಿಗೆಯಲ್ಲೇ ಸಂಪು ಪೂರ್ತಿ ಖಾಲಿಯಾದಾಗ ತೊಳೆಸಲು ಒಬ್ಬ ಹುಡುಗನನ್ನು ಕರೆಸಿದ್ದರು. ಮುಚ್ಚಳ ತೆಗೆದವನೇ ಇಳಿಯಲು ಕಾಲು ಹಾಕಿದ. ತೊಂಬತ್ತು ದಾಟಿದ ನಮ್ಮಮ್ಮ ಜಗಲಿಯಲ್ಲಿ ಕೂತಿದ್ದವಳು, ಕಣ್ಣು ಅಷ್ಟಾಗಿ ಕಾಣದಿದ್ದರೂ ಚಪ್ಪಡಿಯ ಸದ್ದು ಕೇಳಿಸಿತೇನೋ, ಕೋಲು ಕುಟ್ಟಿ ಕೂಗಿದಳು: "ಏಯ್, ನಿಂತ್ಕೊಳ್ಳೋ ಮಗ. ಬಾಯಿ ತೆಗೆದು ಸ್ವಲ್ಪ ಹೊತ್ತು ಬಿಡು. ಮೊದಲು ದೀಪ ಬಿಟ್ಟು ನೋಡು."